ನೆಟ್ಟಗೆ ಹೊಡೆದ ನಂಬರು

ನನ್ನ ಅಳಿಯ ಕಿರಣ್‌ಕುಮಾರನ ಬಗ್ಗೆ ನಾನು ಒಂದು ಒಳ್ಳೆಯ ಮಾತು ಆಡಿದ್ದನ್ನು ಹೊಸೂರಿನ ನಮ್ಮ ಅವಲಪಲ್ಲಿಯಲ್ಲಿ ಯಾರೂ ಕೇಳಿಲ್ಲ. ಆಡುವಂಥದ್ದು ಅವನಲ್ಲಿ ಏನಿತ್ತು ಹೇಳಿ? ಮದುವೆಯಾದ ಐದು ವರ್ಷದಲ್ಲಿ ಆತ ಪೂರ್ತಿ ಮುಗಿಸಿದ್ದೆಂದರೆ ತಟ್ಟೆಗೆ ಬಡಿಸಿದ ಊಟ ಒಂದೇ. ಅಣಬೆ ಬೆಳೆಯುತ್ತೇನೆಂದು ನಮ್ಮ ಮಹಡಿಯ ಮೇಲೆ ಶೆಡ್ಡು ಹಾಕಿಸಿದ. ಅಣಬೆ ತಲೆ ಎತ್ತುವ ಮೊದಲೇ ಇವನ ಆಸೆ ಮಲಗಿತ್ತು. ಜಪಾನಿ ಕಂಪನಿಯಲ್ಲಿ ಕೆಲಸ ಸಿಗುತ್ತದೆಂದು ಜಪಾನಿ ಭಾಷೆ ಕಲಿಯಲು ಹೊರಟ. ಮೂರು ತಿಂಗಳು ಮನೆಯಲ್ಲಿ ಕಂಡಕಂಡವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕಾರ ಹಾಕಿದ್ದೇ ಬಂತು. ಆ ದಪ್ಪ ಪುಸ್ತಕ ಆಮೇಲೆ ನನ್ನ ಹೆಂಡತಿ ಭಾಗ್ಯಮ್ಮ ಹಪ್ಪಳ ಒಣಹಾಕುವ ಬಟ್ಟೆ ಗಾಳಿಗೆ ಹಾರದಂತೆ ಒಂದು ಮೂಲೆಯಲ್ಲಿ ಭಾರಕ್ಕೆ ಕೂತಿತು. ನೌಕರಿ ಅಂತ ಒಂದಿದೆ, ಒಂದು ಫ್ಯಾಕ್ಟರಿಯ ಡಿಸ್ಪ್ಯಾಚ್‌ನಲ್ಲಿ. ಅಂದರೆ ಬೇರೆಯವರು ಮಾಡಿದ್ದನ್ನು ಡಬ್ಬಕ್ಕೆ ತುಂಬಿ ಕಳಿಸುವುದು.

ನಾನು ಗೋಪಾಲಪ್ಪ. ಮಾಲೂರು ಕಡೆಯವನು. ಹೊಸೂರಿನ ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತನಾದೆ. ಕೂದಲಿನ ಹತ್ತನೇ ಒಂದು ಪಾಲಿನಷ್ಟು ಏರುಪೇರಾದರೂ ಬೆರಳು ಸವರಿ ಹೇಳುತ್ತಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇನ್ನೂ ಬೇಕಾದಷ್ಟಿದೆ. ನನ್ನ ಮಗಳು ಸಿಂಚನಾ ಕೂಡ ನನ್ನ ಹಾಗೆಯೇ, ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದಾಳೆ, ತಪ್ಪು ಹುಡುಕುವುದೇ ಅವಳಿಗೆ ಸಂಬಳ. ಅಂಥವಳು ಇಂಥವನನ್ನು ಮೆಚ್ಚಿ ಮದುವೆಯಾದಳು. ಆ ಒಂದು ಇನ್‌ಸ್ಪೆಕ್ಷನ್ನಿನಲ್ಲಿ ಮಾತ್ರ ಅವಳ ಕಣ್ಣಿಗೆ ಏನು ಅಡ್ಡ ಬಂತೋ ನನಗೆ ಗೊತ್ತಿಲ್ಲ.

ಅಳಿಯ ಮಗಳು ಇಬ್ಬರೂ ನಮ್ಮ ಮನೆಯ ಮಹಡಿಯಲ್ಲೇ ಇದ್ದರು. ಕಿರಣನಿಗೆ ಅದು ಮುಳ್ಳಾಗಿ ಚುಚ್ಚುತ್ತಿತ್ತು. ಮನೆಯಳಿಯ ಎಂದು ಯಾರಾದರೂ ನಕ್ಕರೆ ಅವನ ಕಿವಿ ಕೆಂಪಾಗುತ್ತಿತ್ತು. ನಾನೂ ನಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಬಾಗಲೂರು ರಸ್ತೆಯ ಕಡೆ ಬೇರೆ ಮನೆ ನೋಡೋಣವೆಂದು ಅವನು ಎಷ್ಟೋ ಸಲ ಸಿಂಚನಾಳನ್ನು ಕೇಳಿದ್ದ. ಅವಳು ಒಂದೇ ಮಾತು ಹೇಳಿದ್ದಳು: ಹಿಡಿದ ಕೆಲಸ ಒಂದನ್ನಾದರೂ ಕೊನೆ ಮುಟ್ಟಿಸಿ ತೋರಿಸಿ, ಮಾರನೆಯ ದಿನವೇ ಪಾತ್ರೆ ಪಗಡ ಕಟ್ಟುತ್ತೇನೆ. ಮಗಳು ಸರಿಯಾಗಿ ಹೇಳಿದಳೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಈ ಜನ್ಮದಲ್ಲಿ ಪಾತ್ರೆ ಕಟ್ಟುವ ಪ್ರಮೇಯ ಬರುವುದಿಲ್ಲ ಎಂದುಕೊಂಡಿದ್ದೆ.

ಆಗ ಬಂತು ಆ ಕಾರು.

ಕಿರಣನ ತಂದೆ ನರಸಿಂಹಪ್ಪ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಯಾವ ಕಾಲದಲ್ಲೋ ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದ ಎರಡು ಸೀಟಿನ ಓಟದ ಕಾರು ಕೈಯಿಂದ ಕೈಗೆ ದಾಟಿ ಅವರ ಪಾಲಿಗೆ ಬಂದಿತ್ತು. ಅವರು ಅದನ್ನು ಕ್ವಾರ್ಟರ್ಸಿನ ಪಕ್ಕ ಟಾರ್ಪಾಲು ಹೊದಿಸಿ ಇಟ್ಟಿದ್ದರು, ರಿಪೇರಿ ಮಾಡುತ್ತೇನೆ ಮಾಡುತ್ತೇನೆ ಎನ್ನುತ್ತಲೇ ತೀರಿಕೊಂಡರು. ಮುಗಿಸದೆ ಬಿಡುವುದು ಆ ವಂಶದ ಆಸ್ತಿ ಎಂದು ನಾನು ಭಾಗ್ಯಮ್ಮನಿಗೆ ಹೇಳಿದೆ. ಸತ್ತವರ ಬಗ್ಗೆ ಹಾಗೆಲ್ಲ ಆಡಬೇಡಿ ಎಂದು ಅವಳು ಗದರಿದಳು.

ಕ್ಯಾಂಟರ್ ಲಾರಿಯಿಂದ ಅದನ್ನು ನಮ್ಮ ಪೋರ್ಟಿಕೋಗೆ ಇಳಿಸಿದ ದಿನ ಬೀದಿಗೆ ಬೀದಿಯೇ ನೆರೆಯಿತು. ಕಾರೆಂದರೆ ಕಾರಲ್ಲ. ಉದ್ದನೆಯ ಮೂತಿ, ಎರಡು ಕಣ್ಣಿನ ಜಾಗದಲ್ಲಿ ಎರಡು ತೂತು, ಸೀಟಿದ್ದ ಕಡೆ ಹೆಗ್ಗಣದ ಸಂಸಾರ. ಬಾಗಿಲು ತೆಗೆದರೆ ಒಳಗೆ ಮರದ ಚೌಕಟ್ಟು, ಅದೂ ಗೆದ್ದಲು ತಿಂದು ರವೆಯಾಗಿತ್ತು. ಕಾರಿನೊಳಗೆ ಮರವಂತೆ! ಇಂಥ ಎತ್ತಿನ ಗಾಡಿ ಕಟ್ಟುತ್ತಿದ್ದವರು ನಮ್ಮನ್ನು ಇನ್ನೂರು ವರ್ಷ ಆಳಿದರಲ್ಲ ಎಂದು ನನಗೆ ನಾಚಿಕೆಯಾಯಿತು. ಅದರ ಹೆಸರನ್ನು ಕಿರಣ ಎರಡು ಅಕ್ಷರದಲ್ಲಿ ಮಂತ್ರದ ಹಾಗೆ ಹೇಳುತ್ತಾನೆ. ನಾನು ಹೇಳುವುದಿಲ್ಲ, ನನಗೆ ಅದು ಅಳಿಯನ ಡಬ್ಬ, ಅಷ್ಟೇ. ಸಾನಮಾವು ಕಡೆಯಿಂದ ದಿನಾ ಹಾಲು ತರುವ ಚಿನ್ನಸ್ವಾಮಿ ಕ್ಯಾನು ಕೆಳಗಿಟ್ಟು ಅದನ್ನು ಮೂರು ಸುತ್ತು ಸುತ್ತಿದ. ಗೋಪಾಲಪ್ಪಣ್ಣ, ಇದ್ರಲ್ಲಿ ಮುಂದೆ ಯಾವ್ದು, ಹಿಂದೆ ಯಾವ್ದು ಎಂದು ಕೇಳಿದ. ನಾನು ಅಳಿಯನ ಕಡೆ ಕೈ ತೋರಿಸಿ, ಓನರನ್ನು ಕೇಳಪ್ಪ ಎಂದೆ. ಬೀದಿಯೆಲ್ಲ ನಕ್ಕಿತು.

ಕಿರಣ ಮಾತ್ರ ನಗಲಿಲ್ಲ. ಎಲ್ಲರೆದುರೇ ಸಿಂಚನಾಳಿಗೆ ಹೇಳಿದ, "ಇದು ರೋಡಿಗೆ ಇಳೀತದೆ. ರಿಜಿಸ್ಟ್ರೇಷನ್ ಆಗಿ, ನಂಬರ್ ಪ್ಲೇಟ್ ಹಾಕ್ಕೊಂಡು ಇಳೀತದೆ. ಅವತ್ತು ನೀನು ಪಾತ್ರೆ ಕಟ್ಬೇಕು."

ಸಿಂಚನಾ ಆಗಲಿ ಎಂದಳು. ಅವಳ ದನಿಯಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ.

ಮೊದಲ ತಿಂಗಳು ನಾನು ಚೇರು ಹಾಕಿಕೊಂಡು ನೋಡುತ್ತಾ ಕೂತೆ. ಸಿನಿಮಾಕ್ಕಿಂತ ಚೆನ್ನಾಗಿತ್ತು. ಅಳಿಯ ಷಿಫ್ಟ್ ಮುಗಿಸಿ ಬಂದು, ಮೊಬೈಲನ್ನು ಬಾನೆಟ್ಟಿಗೆ ಒರಗಿಸಿ, ಯಾವನೋ ಬಿಳಿ ಮುದುಕ ಇಂಗ್ಲಿಷಿನಲ್ಲಿ ಹೇಳಿಕೊಟ್ಟದ್ದನ್ನು ನೋಡಿಕೊಂಡು ಬಿಚ್ಚುತ್ತಿದ್ದ. ಬೋಲ್ಟು ಬಿಚ್ಚಲು ಸ್ಪ್ಯಾನರ್ ಹಾಕಿದರೆ ಜಾರುತ್ತಿತ್ತು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ನೋಡಿದ, ಇಂಚಿನದ್ದು ಹಾಕಿ ನೋಡಿದ, ಕೊನೆಗೆ ಸುತ್ತಿಗೆಯಲ್ಲಿ ಬಡಿದ. ನನಗೆ ತಡೆಯಲಾಗದೆ ಎದ್ದು ಹೋಗಿ ಒಂದು ಬೋಲ್ಟು ತೆಗೆದು ಅಳೆದೆ. ನಂಬುತ್ತೀರೋ ಇಲ್ಲವೋ, ಎಂಜಿನ್ನಿನ ಬೋಲ್ಟಿಗೆ ಥ್ರೆಡ್ಡು ಮಿಲಿಮೀಟರಿನಲ್ಲಿ, ತಲೆ ಮಾತ್ರ ಇಂಚಿನಲ್ಲಿ. ಅದೂ ಯಾವುದೋ ಓಬೀರಾಯನ ಕಾಲದ ಇಂಚು. ತಲೆ ಒಂದು ದೇಶದ್ದು, ಮೈ ಇನ್ನೊಂದು ದೇಶದ್ದು. ನಮ್ಮ ಟೂಲ್‌ರೂಮಿನಲ್ಲಿ ಯಾರಾದರೂ ಇಂಥ ಡ್ರಾಯಿಂಗ್ ತಂದಿದ್ದರೆ ಹರಿದು ಮುಖಕ್ಕೆ ಎಸೆಯುತ್ತಿದ್ದೆ. ಆದರೂ ಅವತ್ತು ಕೂತು ಆ ತಲೆಗಳಿಗೆ ಸರಿಹೊಂದುವ ಎರಡು ಸ್ಪ್ಯಾನರನ್ನು ನಾನೇ ಉಜ್ಜಿ ಮಾಡಿಕೊಟ್ಟೆ. ಅಳಿಯನ ಮೇಲಿನ ಪ್ರೀತಿಗಲ್ಲ. ಸುತ್ತಿಗೆಯ ಸದ್ದು ಕೇಳಲಾಗುತ್ತಿರಲಿಲ್ಲ.

ಆಮೇಲೆ ಕೈ ಹಾಕುತ್ತಾ ಹೋದೆ. ಅವನು ಅರ ಹಿಡಿದರೆ ಕತ್ತಿ ಮಸೆದ ಹಾಗೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದ. ಅರ ಮುಂದಕ್ಕೆ ಹೋಗುವಾಗ ಮಾತ್ರ ತಿನ್ನುತ್ತದೆ ಎಂಬುದು ನಮ್ಮಲ್ಲಿ ಸೇರಿದ ಮೊದಲ ದಿನದ ಅಪ್ರೆಂಟಿಸಿಗೂ ಗೊತ್ತು. ಅರ ಕಿತ್ತುಕೊಂಡು ನಾನೇ ಮಾಡಿದೆ. ಬಾಗಿಲಿನ ಮರಕ್ಕೆ ಹಳೆಯ ತೇಗದ ಕಿಟಕಿ ಚೌಕಟ್ಟು ತಂದ. ಅಳತೆ ತಪ್ಪಿ ಕೊಯ್ದ, ಮತ್ತೆ ತಂದ, ಮತ್ತೆ ತಪ್ಪಿದ. ನಾನು ಬಯ್ದೆ, ಮೂರನೆಯದನ್ನು ನಾನೇ ಗೆರೆ ಹಾಕಿಕೊಟ್ಟೆ. ಬಯ್ದಾಗಲೆಲ್ಲ ಅವನು ಸರಿ ಮಾವ ಎನ್ನುತ್ತಿದ್ದ. ನಿನ್ನ ಕೈಯಲ್ಲಿ ಇದು ಆಗಲ್ಲ ಕಣಯ್ಯಾ ಎಂದು ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ಮನೆಗೆ ಬಂದ ನೆಂಟರಿಗೂ ತೋರಿಸಿ, ಇದು ನಮ್ಮ ಅಳಿಯ ಕೆಡಿಸಿದ್ದು, ಇದು ನಾನು ಸರಿ ಮಾಡಿದ್ದು ಎಂದು ವಿವರವಾಗಿ ಹೇಳುತ್ತಿದ್ದೆ. ಅವರು ಅವನ ಕಡೆ ನೋಡಿ ಅಯ್ಯೋ ಪಾಪ ಎನ್ನುವ ಹಾಗೆ ನಗುತ್ತಿದ್ದರು. ಸಿಂಚನಾಳೂ ಒಂದೊಂದು ಸಲ ನಗುತ್ತಿದ್ದಳು.

ಆದರೆ ಒಂದು ಮಾತನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಅವನು ಬಿಡಲಿಲ್ಲ. ಅಣಬೆ ಬಿಟ್ಟವನು, ಜಪಾನಿ ಬಿಟ್ಟವನು, ಇದನ್ನು ಬಿಡಲಿಲ್ಲ. ಒಂದು ವರ್ಷ ಹೋಯಿತು, ಎರಡನೆಯದೂ ಅರ್ಧ ಹೋಯಿತು. ಕಾರ್ಬುರೇಟರನ್ನು ಹದಿನಾಲ್ಕು ಸಲ ಬಿಚ್ಚಿ ಜೋಡಿಸಿದ, ನಾನೇ ಎಣಿಸಿದ್ದೇನೆ. ಕೋಲಾರದ ಸಾರಿಗೆ ಕಚೇರಿಗೆ ಎಂಟು ಸಲ ಅಲೆದು, ಅಪ್ಪನ ಹೆಸರಿನಲ್ಲಿದ್ದ ಹಳೆಯ ದಾಖಲೆ ತೆಗೆಸಿ, ಕಾರನ್ನು ತಮಿಳುನಾಡಿಗೆ ವರ್ಗ ಮಾಡಿಸುವ ಪತ್ರ ತಂದ. ಇನ್ನು ಇಲ್ಲಿನ ಇನ್‌ಸ್ಪೆಕ್ಟರು ಕಾರು ನೋಡಿ ಒಪ್ಪಿ ಸಹಿ ಹಾಕಿದರೆ ಮುಗಿಯಿತು, ಅದು ರಸ್ತೆಯ ಕಾರು.

ಎಂಜಿನ್ ಮೊದಲ ಸಲ ಹೊತ್ತಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ಎರಡು ಸಲ ಕೆಮ್ಮಿತು, ಒಂದಿಷ್ಟು ಹೊಗೆ ಉಗುಳಿತು, ಆಮೇಲೆ ಸಣ್ಣಗೆ ಒಂದೇ ಸಮನೆ ಓಡತೊಡಗಿತು. ಆ ಸದ್ದು ಕೇಳಿ ನನ್ನ ಮೈ ಜುಮ್ಮೆಂದಿತು. ನಲವತ್ತು ವರ್ಷ ಸತ್ತುಬಿದ್ದಿದ್ದ ಯಂತ್ರ ಅದು. ಕಿರಣ ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಭೇಷ್ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂತು. ನುಂಗಿಬಿಟ್ಟೆ. ಟ್ಯಾಪೆಟ್ ಸದ್ದು ಜಾಸ್ತಿ ಇದೆ ನೋಡು ಎಂದು ಹೇಳಿ ಒಳಗೆ ಹೋದೆ. ಎಂಥ ಮನುಷ್ಯ ನಾನು!

ಆ ನುಂಗಿದ ಮಾತು ಹೊಟ್ಟೆಯಲ್ಲಿ ಕೂತು ಹಿಂಸೆ ಮಾಡಿತು. ಬಾಯಲ್ಲಿ ಹೇಳಲಾಗದವನು ಕೈಯಲ್ಲಾದರೂ ಹೇಳೋಣ ಎಂದುಕೊಂಡೆ. ಅಲ್ಲೇ ಕೆಟ್ಟಿದ್ದು.

ಚಾಸಿಗೆ, ಅಂದರೆ ಕಾರಿನ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕೊನೆಯ ಕಪ್ಪು ಬಣ್ಣ ಹೊಡೆಯುವುದು ಬಾಕಿ ಇತ್ತು. ಕಿರಣ ಕೆಲಸಕ್ಕೆ ಹೋಗಿದ್ದ. ಬಣ್ಣಕ್ಕೆ ಮುಂಚೆ ಒಮ್ಮೆ ಎಲ್ಲ ಸವರಿ ನೋಡೋಣವೆಂದು ನಾನು ಕಾರಿನ ಮುಂದೆ ಕೂತೆ. ಮುಂದಿನ ಎಡಗಡೆ, ಕಬ್ಬಿಣದ ತೋಳಿನ ಮೇಲೆ ಚಾಸಿ ನಂಬರು ಕೊರೆದಿತ್ತು. ಅದರ ಅಂದ ಏನು ಹೇಳಲಿ. ಒಂದು ಅಂಕಿ ಮೇಲೆ, ಒಂದು ಕೆಳಗೆ, ಏಳು ಅರ್ಧ ಮಲಗಿತ್ತು, ಮೂರು ಎರಡೆರಡು ಸಲ ಬಿದ್ದು ನೆರಳು ಬಂದಿತ್ತು. ಸಾಲದ್ದಕ್ಕೆ ತುಕ್ಕು ಕಚ್ಚಿ ಗುಳಿ ಬಿದ್ದಿತ್ತು. ಹೊಡೆದವನು ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹೊಡೆದಿರಬೇಕು. ಇಡೀ ಕಾರು ಕನ್ನಡಿಯಾಗಿರುವಾಗ ಈ ಒಂದು ಕಡೆ ಮುಖಕ್ಕೆ ಸಿಡುಬು ಎದ್ದಂತೆ ಕಾಣುತ್ತಿತ್ತು.

ನಮ್ಮ ಟೂಲ್‌ರೂಮಿನಲ್ಲಿ ಒಂದು ಪದ್ಧತಿ ಇತ್ತು. ರೀವರ್ಕ್ ಮಾಡಿದ, ಅಂದರೆ ಮತ್ತೆ ತಿದ್ದಿದ ಯಾವುದೇ ಪೀಸಿನ ಮೇಲೆ ಹಳೆಯ ಮಸುಕು ಗುರುತು ಉಳಿಯಕೂಡದು. ಅದನ್ನು ಗ್ರೈಂಡ್ ಮಾಡಿ ಅಳಿಸಿ, ಅದೇ ನಂಬರನ್ನು ಹೊಸದಾಗಿ, ನೆಟ್ಟಗೆ, ಸಮನಾದ ಅಂತರದಲ್ಲಿ ಪಂಚ್ ಹೊಡೆದೇ ಕಳಿಸಬೇಕು. ಇಲ್ಲದಿದ್ದರೆ ಇನ್‌ಸ್ಪೆಕ್ಷನ್ನಿನವರು ಪೀಸನ್ನು ವಾಪಸ್ ಎಸೆಯುತ್ತಿದ್ದರು. ಮೂವತ್ತೊಂದು ವರ್ಷ ಅದನ್ನೇ ಮಾಡಿದ ಕೈ ಇದು, ಯೋಚನೆಯನ್ನೇ ಮಾಡಲಿಲ್ಲ. ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಗ್ರೈಂಡರ್ ಹಿಡಿದು ಹಳೆಯದನ್ನು ನುಣ್ಣಗೆ ತೆಗೆದೆ. ನನ್ನ ಸ್ವಂತ ಪಂಚ್ ಪೆಟ್ಟಿಗೆ ತಂದು, ಪಟ್ಟಿ ಕಟ್ಟಿ, ಗೆರೆ ಎಳೆದು, ಒಂದೊಂದು ಅಂಕಿಗೂ ಒಂದೇ ಏಟು ಹೊಡೆದೆ. ಎರಡನೆಯ ಏಟು ಹೊಡೆಯುವವನು ಕೆಲಸಗಾರನೇ ಅಲ್ಲ. ಮುಗಿದಾಗ ಅಚ್ಚು ಹಾಕಿದ ಹಾಗಿತ್ತು. ಮೇಲೆ ಕಪ್ಪು ಬಣ್ಣವನ್ನೂ ಹೊಡೆದುಬಿಟ್ಟೆ. ಅಳಿಯನಿಗೆ ಹೇಳಲಿಲ್ಲ. ಇನ್‌ಸ್ಪೆಕ್ಟರು ಬಣ್ಣ ಕೆರೆದು ನೋಡಿದಾಗ ಅವನೇ ಕಂಡು ಬೆರಗಾಗಲಿ ಎಂದಿತ್ತು ನನಗೆ.

ಹೊಸೂರಿನ ಕಚೇರಿಯವರು ಇಷ್ಟು ಹಳೆಯ, ಬೇರೆ ರಾಜ್ಯದ ಗಾಡಿಯನ್ನು ಕೃಷ್ಣಗಿರಿಯಲ್ಲಿ ತೋರಿಸಬೇಕೆಂದರು. ನಂಬರ್ ಇಲ್ಲದೆ ರಸ್ತೆಗಿಳಿಸುವಂತಿಲ್ಲ, ಮುನೀಶ್ ಎಂಬವನ ಟೋ ಗಾಡಿಯ ಮೇಲೆ ಏರಿಸಿಕೊಂಡು ಹೊರಟೆವು. ಹೊರಡುವಾಗ ಸಿಂಚನಾ ರಜೆ ಹಾಕಿ ಗೇಟಿನ ಹತ್ತಿರ ನಿಂತಿದ್ದಳು. ಅಡುಗೆಮನೆಯಲ್ಲಿ ಅವಳ ಎರಡು ರಟ್ಟಿನ ಡಬ್ಬ ಖಾಲಿ ಮಾಡಿ ಇಟ್ಟಿದ್ದನ್ನು ನಾನು ನೋಡಿದ್ದೆ. ಪಾತ್ರೆ ಕಟ್ಟಲು. ನೋಡದವನ ಹಾಗೆ ಹೊರಗೆ ಬಂದಿದ್ದೆ.

ದಾರಿಯಲ್ಲಿ ಕಿರಣ ಫೈಲನ್ನು ಎದೆಗವಚಿಕೊಂಡು ಕೂತಿದ್ದ. ಶೂಲಗಿರಿ ದಾಟಿದ ಮೇಲೆ ಮೆಲ್ಲಗೆ ಹೇಳಿದ, "ಮಾವ, ಬೇಜಾರ್ ಮಾಡ್ಕೋಬೇಡಿ. ಅಲ್ಲಿ ನೀವೇನೂ ಮಾತಾಡ್ಬೇಡಿ. ಕೇಳಿದ್ದಕ್ಕೆ ನಾನೇ ಹೇಳ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಅರ ಹಿಡಿಯಲು ಬಾರದವನು ನನಗೆ ಬಾಯಿ ಮುಚ್ಚಿಕೊಂಡಿರು ಎನ್ನುತ್ತಾನಲ್ಲ. ಒಬ್ಬ ಅಧಿಕಾರಿಯ ಹತ್ತಿರ ಕಾರಿನ ಬಗ್ಗೆ ಮಾತಾಡಲು ನಮ್ಮಿಬ್ಬರಲ್ಲಿ ಯಾರಿಗೆ ಯೋಗ್ಯತೆ ಇದೆ? ಕಿಟಕಿಯ ಆಚೆ ಮಾವಿನ ತೋಪುಗಳನ್ನು ನೋಡುತ್ತಾ ಹಲ್ಲು ಕಡಿದುಕೊಂಡು ಕೂತೆ.

ಇನ್‌ಸ್ಪೆಕ್ಟರ್ ಹೆಸರು ಕುಮಾರೇಶ್. ಮೃದು ಸ್ವಭಾವದ ಮನುಷ್ಯ. ಕಾರು ಕಂಡೊಡನೆ ಮುಖ ಅರಳಿತು. ಬೇರೆ ಗುಮಾಸ್ತರನ್ನೂ ಕರೆದು ತೋರಿಸಿದ. ದೀಪ ಹಾಕಿಸಿದ, ಹಾರ್ನ್ ಹೊಡೆಸಿದ, ಬ್ರೇಕು ನೋಡಿದ. ಆ ಅಂಗಳದಲ್ಲೇ ಕಿರಣ ಒಂದು ಸುತ್ತು ಓಡಿಸಿ ತೋರಿಸಿದ. ಕುಮಾರೇಶ್ ಎಲ್ಲ ಸರಿ ಎಂದು ಗುರುತು ಹಾಕುತ್ತಾ ಹೋದ. ಕೊನೆಗೆ ಉಳಿದದ್ದು ಚಾಸಿ ನಂಬರು. ಸಾರಿಗೆ ಕಚೇರಿಗಳಲ್ಲಿ ಅದನ್ನು ಬರಿಗಣ್ಣಿನಲ್ಲಿ ನೋಡಿ ಬಿಡುವುದಿಲ್ಲ. ನಂಬರಿನ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜುತ್ತಾರೆ, ಕೊರೆದ ಅಂಕಿಗಳು ಕಾಗದದ ಮೇಲೆ ಮೂಡುತ್ತವೆ. ಆ ಕಾಗದವನ್ನು ಫೈಲಿಗೆ ಅಂಟಿಸುತ್ತಾರೆ. ಕುಮಾರೇಶ್ ಬಣ್ಣ ಕೆರೆದು, ಬಗ್ಗಿ, ಪೆನ್ಸಿಲ್ ಉಜ್ಜಿದ. ಕಾಗದ ಎತ್ತಿ ಬೆಳಕಿಗೆ ಹಿಡಿದ. ತುಂಬ ಹೊತ್ತು ನೋಡಿದ.

"ಯಾರ್ ಸಾರ್ ಇದೆ ಪಂಚ್ ಪಣ್ಣಿನದು? ರೊಂಬ ನೀಟಾ ಇರುಕ್ಕು" ಎಂದ. ಹೊಡೆದವರು ಯಾರು, ಬಹಳ ನೀಟಾಗಿದೆ ಎಂದು.

ಕಿರಣ ಅರ್ಥವಾಗದೆ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಬಂದಿದ್ದೆ. ಕೇಳಿದ್ದು ಒಬ್ಬ ತಿಳಿದವನು, ಕೇಳಿದ್ದು ನನ್ನ ಕೆಲಸದ ಬಗ್ಗೆ. ಇನ್ನು ತಡೆಯುವವರು ಯಾರು? ನಾನೇ ಸಾರ್ ಎಂದು ತಮಿಳಿನಲ್ಲಿ ಶುರು ಮಾಡಿದೆ. ಟೂಲ್‌ರೂಮಿನ ಮೂವತ್ತೊಂದು ವರ್ಷ ಹೇಳಿದೆ. ಹಳೆಯದು ಎಷ್ಟು ಓರೆಯಾಗಿತ್ತು, ಅದನ್ನು ಹೇಗೆ ಗ್ರೈಂಡ್ ಮಾಡಿ ತೆಗೆದೆ, ಒಂದೇ ಏಟಿನಲ್ಲಿ ಹೇಗೆ ಹೊಡೆದೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹೇಳುತ್ತಾ ಅಳಿಯನ ಕಡೆ ತಿರುಗಿದೆ, ಬೆರಗಾಗಿರುತ್ತಾನೆಂದು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಕುಮಾರೇಶ್ ಫೈಲು ತೆಗೆದು ಕೋಲಾರದ ಪತ್ರ ಬಿಡಿಸಿದ. ಅದರ ಮೇಲೂ ಒಂದು ಪೆನ್ಸಿಲ್ ಕಾಗದ ಅಂಟಿಸಿತ್ತು. ಕಿರಣ ಅಲ್ಲಿ ಅರ್ಜಿ ಹಾಕುವಾಗ ಹಳೆಯ ನಂಬರಿನ ಮೇಲೆ ಉಜ್ಜಿಕೊಂಡು ಹೋಗಿದ್ದು. ಮಲಗಿದ ಏಳು, ನೆರಳು ಬಿದ್ದ ಮೂರು, ಎಲ್ಲ ಇತ್ತು. ಪಕ್ಕದಲ್ಲಿ ನನ್ನದನ್ನು ಇಟ್ಟ. ಅಂಕಿಗಳೆಲ್ಲ ಅವೇ, ಆದರೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಆಮೇಲೆ ಆತ ತಾಳ್ಮೆಯಿಂದ ವಿವರಿಸಿದ. ಆ ತಾಳ್ಮೆಯೇ ನನಗೆ ಹೊಡೆದಂತಿತ್ತು. ಕಾರು ಮಾಡಿದ ಕಂಪನಿಯವರು ಹೊಡೆದ ನಂಬರನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಓರೆ ಇದ್ದರೆ ಓರೆಯೇ ಇರಬೇಕು. ಕದ್ದ ಗಾಡಿಯವರು ಮಾಡುವ ಮೊದಲ ಕೆಲಸವೇ ನಂಬರ್ ಉಜ್ಜಿ ಹೊಸದು ಹೊಡೆಯುವುದು. ಉಜ್ಜಿದ ಗುರುತು ಇದ್ದರೆ ಕಾನೂನಿನ ಪ್ರಕಾರ ಗಾಡಿಯನ್ನು ಹಿಡಿದಿಟ್ಟು ಪೊಲೀಸರಿಗೆ ಬರೆಯಬೇಕು. ನಿಮ್ಮ ವಯಸ್ಸು ನೋಡಿ, ಇವರ ತಂದೆಯ ಕಾಗದ ನೋಡಿ ಅದನ್ನು ಮಾಡುವುದಿಲ್ಲ, ಆದರೆ ನಂಬರ್ ತಿದ್ದಿದೆ ಎಂದು ಬರೆದು ತಿರಸ್ಕರಿಸಲೇಬೇಕು ಎಂದ. ಕಂಪ್ಯೂಟರಿನಲ್ಲಿ ಒಮ್ಮೆ ಹಾಗೆ ಬಿದ್ದರೆ ಇನ್ನು ಯಾವ ಊರಿನ ಕಚೇರಿಯಲ್ಲೂ ಇದಕ್ಕೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಹೇಳುವಾಗ ಅವನಿಗೇ ಬೇಸರವಾಗಿತ್ತು. ನಾನು ಹಿಂದಕ್ಕೆ ಸರಿದು ಕಾಂಪೌಂಡ್ ಗೋಡೆಯ ಪಕ್ಕ ನಿಂತೆ.

ವಾಪಸ್ ಬರುವಾಗ ಮುನೀಶ್ ಚಹಾಕ್ಕೆಂದು ಗಾಡಿ ನಿಲ್ಲಿಸಿ ಇಳಿದು ಹೋದ. ನಾವಿಬ್ಬರೇ ಉಳಿದೆವು. ತಪ್ಪಾಯಿತು ಕಣಯ್ಯಾ, ತಲೆಗೆ ಹೊಳೆಯಲಿಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಬರುವುದು ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು. ಕಿರಣ ಗಾಜಿನ ಆಚೆಯೇ ನೋಡುತ್ತಿದ್ದ. ಜಗಳವಾಡಿದ್ದರೆ ಚೆನ್ನಾಗಿತ್ತು.

"ನಿಮ್ಗೆ ಹೊಳೀದೆ ಇರೋದುಂಟಾ ಮಾವ?" ಎಂದ ತಣ್ಣಗೆ. "ಒಂದು ಬೋಲ್ಟು ಅಳೀದೆ ಮುಟ್ಟೋರಲ್ಲ ನೀವು. ನಾವು ಬೇರೆ ಹೋಗೋದು ಇಷ್ಟ ಇಲ್ಲಾಂದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತು. ನಾನೇ ಸುಮ್ನಾಗ್ತಿದ್ದೆ."

ನಾನು ಬೇಕೆಂದೇ ಮಾಡಿದೆನೆಂದು ತಿಳಿದಿದ್ದಾನೆ! ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲು ನಾನು ಗ್ರೈಂಡರ್ ಹಿಡಿದೆನಂತೆ. ನಿನ್ನ ಅಪ್ಪನಾಣೆ ಇಲ್ಲ ಎಂದೆ. ಅವನು ತಲೆ ಆಡಿಸಿದ, ಚಿಕ್ಕ ಮಗುವಿನ ಮಾತಿಗೆ ಆಡಿಸುವ ಹಾಗೆ. ಮುನೀಶ್ ಮೂರು ಲೋಟ ಚಹಾ ಹಿಡಿದು ಬಂದ. ಯಾರೂ ಕುಡಿಯಲಿಲ್ಲ.

ಮನೆಯ ಮುಂದೆ ಭಾಗ್ಯಮ್ಮ ಆರತಿ ತಟ್ಟೆ ಹಿಡಿದು, ಚಕ್ರಕ್ಕೆ ಇಡಲು ನಾಲ್ಕು ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಚಿನ್ನಸ್ವಾಮಿಯೂ ಇದ್ದ. ಸಿಂಚನಾ ಕಿರಣನ ಮುಖ ನೋಡಿ ಏನಾಯಿತೆಂದು ಕೇಳಿದಳು. ಚಾಸಿ ನಂಬರು ಗ್ರೈಂಡ್ ಆಗಿಬಿಟ್ಟಿದೆ, ಪಾಸಾಗಲಿಲ್ಲ, ಇನ್ನು ಆಗುವುದೂ ಇಲ್ಲ ಎಂದನವನು. ಗ್ರೈಂಡ್ ಮಾಡಿದ್ದು ಯಾರೆಂದು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು, ಬಂದೇ ಬರುತ್ತದೆಂದು ಕಾದಿದ್ದ ಬಸ್ಸು ಬಂದಾಗ ಬಿಡುವಂಥ ಉಸಿರು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಚದುರತೊಡಗಿದರು.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ನಿಂತ್ಕಳ್ರಿ. ಅವ್ನು ಎಲ್ಲಾ ಮುಗ್ಸಿದ್ದ. ಒಂದು ಕೂದ್ಲೆಳೆ ಬಾಕಿ ಇರ್ಲಿಲ್ಲ. ನಂಬರ್ ಉಜ್ಜಿ ಕೆಡ್ಸಿದ್ದು ನಾನು. ಈ ಕೈಲಿ ನಾನೇ ಕೆಡ್ಸಿದ್ದು."

ಸಿಂಚನಾ ನನ್ನ ಹತ್ತಿರ ಬಂದು ತೋಳು ಹಿಡಿದಳು. ಕಣ್ಣಲ್ಲಿ ನೀರಿತ್ತು.

"ಬೇಡ ಬಿಡಪ್ಪ," ಎಂದಳು. "ಇವ್ರ ಮಾನ ಉಳ್ಸಕ್ಕೆ ನೀನು ಸುಳ್ಳು ಹೇಳ್ಬೇಡ. ನಿನ್ ಕೈಲಿ ಅಂಥದ್ದು ಆಗ್ತದಾ? ನಂಗೊತ್ತಿಲ್ವಾ?"

ಕಿರಣನನ್ನು ಕೇಳು ಎಂದೆ. ಅವನು ಆಗಲೇ ಮಹಡಿ ಮೆಟ್ಟಿಲು ಹತ್ತುತ್ತಿದ್ದ, ತಿರುಗಿ ನೋಡಲಿಲ್ಲ. ಭಾಗ್ಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೊನೆಗೂ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತಾಡಿದಿರಲ್ಲ, ದೇವರು ದೊಡ್ಡವನು ಎಂದಳು. ಚಿನ್ನಸ್ವಾಮಿ ಕೈ ಮುಗಿದು, ಮಾವ ಅಂದ್ರೆ ಹಿಂಗಿರ್ಬೇಕು ಅಣ್ಣ ಎಂದು ಹೇಳಿ ಹೋದ. ನಾನು ಬಾಯಿ ತೆರೆದಷ್ಟೂ ನನ್ನ ಮರ್ಯಾದೆ ಏರುತ್ತಿತ್ತು, ಅವನದು ಇಳಿಯುತ್ತಿತ್ತು.

ಅದಾಗಿ ನಾಲ್ಕು ತಿಂಗಳಾಯಿತು. ಕಾರು ಪೋರ್ಟಿಕೋದಲ್ಲಿದೆ. ರಟ್ಟಿನ ಡಬ್ಬಗಳಿಗೆ ಸಿಂಚನಾ ಹಳೆಯ ಬಟ್ಟೆ ತುಂಬಿ ಮೇಲಿಟ್ಟಳು, ಬೇರೆ ಮನೆಯ ಮಾತು ಈಗ ಯಾರೂ ಎತ್ತುವುದಿಲ್ಲ. ಕಿರಣ ಡಿಸ್ಪ್ಯಾಚ್‌ಗೆ ಹೋಗುತ್ತಾನೆ, ಬರುತ್ತಾನೆ. ನನ್ನನ್ನು ಮಾವ ಎಂದೇ ಕರೆಯುತ್ತಾನೆ, ಏನು ಹೇಳಿದರೂ ಸರಿ ಎನ್ನುತ್ತಾನೆ. ಎಂಜಿನ್ನನ್ನು ಮಾತ್ರ ಮತ್ತೆ ಹೊತ್ತಿಸಿಲ್ಲ. ನಾನು ಬಂದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಅವರು ಗೋಪಾಲಪ್ಪನದು ಎಷ್ಟು ದೊಡ್ಡ ಮನಸ್ಸು ಎಂದುಕೊಂಡು ಹೋಗುತ್ತಾರೆ. ಮನೆಯವರ ಪಾಲಿಗೆ ನಾನು ಕೆಡಿಸಿಯೇ ಇಲ್ಲ, ಅಳಿಯನ ಪಾಲಿಗೆ ಬೇಕೆಂದೇ ಕೆಡಿಸಿದ್ದೇನೆ. ಬುದ್ಧಿಯಿಲ್ಲದೆ ಕೆಡಿಸಿದೆ ಎಂದರೆ ನಂಬುವವರು ಒಬ್ಬರೂ ಇಲ್ಲ.